ಫೈಲು ಸಿಂಧು, ಸ್ವರ ಅಸಿಂಧು

ಪರದೆಯ ಮೂಲೆಯಲ್ಲಿ ಹಸಿರು ಗುರುತು ಮೂಡಿತೆಂದರೆ ಕೃತಿ ಪರಿಷ್ಕರಣಗೊಂಡಿತು ಎಂದು ತಿಳಿಯತಕ್ಕದ್ದು. ಪಾಶ್ಚಾತ್ಯ ಸಂಗೀತದ ಡಿಜಿಟಲ್ ಗ್ರಂಥಸಂಪಾದನೆಯ ಪರಮ ಸೂತ್ರ ಇದೊಂದೇ. ಹಿಂದಿನ ಸಂಪಾದಕರು ಪಾಪ, ನಾಲ್ಕು ಹಸ್ತಪ್ರತಿಗಳನ್ನು ಮೇಜಿನ ಮೇಲೆ ಹರವಿಕೊಂಡು, ಸ್ವರದ ಪಕ್ಕದ ಈ ಚುಕ್ಕೆ ಕಾಲ ಹೆಚ್ಚಿಸುವುದೋ, ಸ್ವರವನ್ನು ತುಂಡರಿಸಿ ನುಡಿಸೆನ್ನುವ ಸ್ಟಕಾಟೊವೋ, ಶಾಯಿಯ ಹನಿಯೋ ಎಂದು ಕಣ್ಣು ಸವೆಸುತ್ತಿದ್ದರು. ಈಗ ಆ ಹೊರೆಯೆಲ್ಲ ಸ್ಕೀಮಾ ಎಂಬ ನಿಯಮಾವಳಿಯ ತಲೆಗೆ. ಫೈಲನ್ನು ಅದರ ಮುಂದೆ ಹಿಡಿದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತೀರ್ಪು ಸಿಗುತ್ತದೆ: ಸಿಂಧು.

ಈ ವಿದ್ಯೆಯ ಪರಿಚಯವಿಲ್ಲದವರಿಗೆ ಎರಡು ಮಾತು. ಸ್ವರಲಿಪಿಯನ್ನು ಚಿತ್ರವಾಗಿ ಇಟ್ಟುಕೊಳ್ಳದೆ ದತ್ತಾಂಶವಾಗಿ ಬರೆದಿಡಲು ಎಂಇಐ ಎಂಬ, ಟ್ಯಾಗುಗಳಿಂದ ಗುರುತು ಹಾಕುವ ಎಕ್ಸ್‌ಎಂಎಲ್ ವಿಧಾನವಿದೆ. ಒಂದೊಂದು ಸ್ವರಕ್ಕೂ ಹೆಸರು, ಸ್ಥಾಯಿ, ಕಾಲಪ್ರಮಾಣ. ಸ್ವರ ಲೇಯರು ಎಂಬ ಪದರದೊಳಗೆ, ಲೇಯರು ಸ್ಟಾಫು ಎಂಬ ಐದುಗೆರೆಯ ಪಟ್ಟಿಯೊಳಗೆ, ಸ್ಟಾಫು ಬಾರು ಎಂಬ ತಾಳದ ಖಂಡದೊಳಗೆ. ಎರಡು ಆಕರಗಳು ಎರಡು ಮಾತು ಹೇಳಿದರೆ 'ಆಪ್' ಎಂಬ ಟ್ಯಾಗು ತೆರೆದು, ಒಪ್ಪಿದ ಪಾಠವನ್ನು 'ಲೆಮ್' ಒಳಗೂ ಪಾಠಾಂತರವನ್ನು 'ಆರ್‌ಡಿಜಿ' ಒಳಗೂ ಇಡಬೇಕು. ಲಿಪಿಕಾರನ ತಪ್ಪಿಗೆ 'ಸಿಕ್', ಅದರ ತಿದ್ದುಪಡಿಗೆ 'ಕಾರ್', ಸಂಪಾದಕ ತಾನಾಗಿ ಸೇರಿಸಿದ್ದಕ್ಕೆ 'ಸಪ್ಲೈಡ್'. ಯಾರು ಏನು ಮಾಡಿದರು ಎಂಬ ಲೆಕ್ಕ ಇಷ್ಟು ಚೊಕ್ಕವಾಗಿ ಅಚ್ಚಿನ ಪುಸ್ತಕದಲ್ಲಿ ಎಂದೂ ಸಿಕ್ಕಿರಲಿಲ್ಲ. ವಿಧಾನ ಒಳ್ಳೆಯದೇ. ನಿಯಮಾವಳಿಯನ್ನು ಸಂಗೀತ ವಿದ್ವಾಂಸ ಎಂದು ಭಾವಿಸಿದವರದ್ದೇ ಸಮಸ್ಯೆ.

ಸ್ಕೀಮಾ ನೋಡುವುದು ಟ್ಯಾಗುಗಳ ವ್ಯಾಕರಣವನ್ನು ಮಾತ್ರ. ತೆರೆದದ್ದು ಮುಚ್ಚಿದೆಯೇ, ಇರಬಾರದ ಕಡೆ ಏನಾದರೂ ಇದೆಯೇ, ಅಷ್ಟೇ. ನಾಲ್ಕು ಕ್ವಾರ್ಟರ್ ಸ್ವರಕ್ಕಷ್ಟೇ ಜಾಗವಿರುವ 4/4 ತಾಳದ ಬಾರಿನಲ್ಲಿ ಐದನ್ನು ತುರುಕಿ, ಹಸಿರು. ಪಿಟೀಲಿನ ಸಾಲನ್ನು ಬಸೂನಿನ ಸ್ಟಾಫಿಗೆ ಅಂಟಿಸಿ, ಹಸಿರು. ಇಡೀ ಎರಡನೆಯ ಭಾಗವನ್ನು ಒಂದು ಸ್ಥಾಯಿ ಕೆಳಗಿಳಿಸಿ, ಅದೂ ಹಸಿರು. ವ್ಯಾಕರಣಶುದ್ಧವಾಗಿ ಸುಳ್ಳು ಹೇಳುವುದಕ್ಕೆ ಯಾವ ವ್ಯಾಕರಣವೂ ಅಡ್ಡ ಬಂದದ್ದಿಲ್ಲ. ಬೀಥೋವನ್‌ನ ಐದನೆಯ ಸಿಂಫನಿ ಅಚ್ಚಾದಾಗ ಮೂರನೆಯ ಭಾಗದಲ್ಲಿ ಎರಡು ಬಾರುಗಳು ಹೆಚ್ಚಾಗಿ ಸೇರಿಕೊಂಡಿದ್ದವು. 1810ರಲ್ಲಿ ಆತನೇ ಪ್ರಕಾಶಕರಿಗೆ ಕಾಗದ ಬರೆದು ತೆಗೆಯಿರಿ ಎಂದ. ಅವು ಆತ ಸತ್ತ ಮೇಲೂ ವರ್ಷಗಟ್ಟಲೆ ಕದಲಲಿಲ್ಲ. ಇವತ್ತಾಗಿದ್ದರೆ ಪ್ರಕಾಶಕರಿಗೆ ಅಷ್ಟು ಮುಜುಗರವೂ ಇರುತ್ತಿರಲಿಲ್ಲ. 'ತಮ್ಮ ದೂರನ್ನು ಪರಿಶೀಲಿಸಲಾಗಿದೆ, ಸದರಿ ಎರಡು ಬಾರುಗಳು ಸ್ಕೀಮಾದ ಪ್ರಕಾರ ಸಿಂಧುವಾಗಿವೆ' ಎಂದು ಒಂದು ಸಾಲಿನ ಉತ್ತರ ಹೋಗುತ್ತಿತ್ತು.

ಬಾರಿನ ಕಾಲಮಾನ ಕೂಡಿ ತಾಳಕ್ಕೆ ತಾಳೆ ನೋಡುವ ಸ್ಕ್ರಿಪ್ಟು ಬರೆಯಲು ಒಂದು ಮಧ್ಯಾಹ್ನ ಸಾಕು. ಆದರೆ ಅದು ಕೆಂಪು ಸಾಲುಗಳನ್ನು ತೋರಿಸುತ್ತದೆ. ಅನುದಾನದ ವರದಿಯಲ್ಲಿ ಕೆಂಪಿಗೆ ಅಂಕಣವಿಲ್ಲ.

ಇಂಥ ಯೋಜನೆಯ ಮೊದಲ ಮಜಲು ಸ್ಕ್ಯಾನಿಂಗ್. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ, ಅಳೆದು ತೋರಿಸಲು ಸುಲಭ. ಎ4 ಅಳತೆಯ ಒಂದು ಹಾಳೆ 600 ಡಿಪಿಐನಲ್ಲಿ, ಪೂರ್ಣ ಬಣ್ಣದಲ್ಲಿ, ಕುಗ್ಗಿಸದ ಟಿಫ್ ಆಗಿ ಸುಮಾರು 104 ಎಂಬಿ. 200 ಹಾಳೆಗೆ 21 ಜಿಬಿ ಹತ್ತಿರ. ವರದಿಯಲ್ಲಿ '21 ಜಿಬಿ ಸಂಗೀತ ಪರಂಪರೆಯ ರಕ್ಷಣೆ' ಎಂದು ಬರೆದರೆ ಓದುವವರಿಗೂ ತೂಕ ಎನ್ನಿಸುತ್ತದೆ. ಆ ಹಾಳೆಗಳಲ್ಲಿರುವ ಸ್ವರಗಳನ್ನೆಲ್ಲ ದತ್ತಾಂಶವಾಗಿ ಬರೆದರೆ ಕೆಲವು ಎಂಬಿ ಆದೀತು. ಅಷ್ಟು ಹಗುರವಾದದ್ದಕ್ಕೆ ಯಾರು ಹಣ ಕೊಡುತ್ತಾರೆ? ಎಷ್ಟೋ ಯೋಜನೆಗಳು ಈ ಮಜಲಿನಲ್ಲೇ ಜ್ಞಾನೋದಯ ಹೊಂದಿ, ಚಿತ್ರಗಳನ್ನು ಪಿಡಿಎಫ್ ಮಾಡಿ ಪೋರ್ಟಲಿಗೆ ಏರಿಸಿ, ಮೇಲೆ 'ಡಿಜಿಟಲ್ ವಿಮರ್ಶಾತ್ಮಕ ಆವೃತ್ತಿ' ಎಂದು ಬರೆದು ಮುಗಿಸುತ್ತವೆ. ವಿಮರ್ಶೆ ಓದುಗರಿಗೆ ಬಿಟ್ಟದ್ದು.

ಮುಂದಕ್ಕೆ ಹೋಗುವ ಧೈರ್ಯವಂತರಿಗೆ ಯಂತ್ರದ ಓದು ಕಾದಿದೆ. ಅಚ್ಚಾದ ಸ್ವರಲಿಪಿಯನ್ನು ಗುರುತಿಸುವ ತಂತ್ರಾಂಶ ಶೇ. 99 ನಿಖರ ಎನ್ನಿ. ಕೇಳಲು ಹಿತವಾಗಿದೆ. ಪುಟಕ್ಕೆ 1000 ಚಿಹ್ನೆ ಇದ್ದರೆ ಪುಟಕ್ಕೆ ಹತ್ತು ತಪ್ಪು, 200 ಪುಟಕ್ಕೆ ಎರಡು ಸಾವಿರ. ಅವು ಎಲ್ಲಿ ಕೂತಿವೆ ಎಂದು ಯಂತ್ರ ಹೇಳುವುದಿಲ್ಲ, ಅದಕ್ಕೆ ಗೊತ್ತಿದ್ದರೆ ತಪ್ಪನ್ನೇ ಮಾಡುತ್ತಿರಲಿಲ್ಲ. ಎಲ್ಲ ತಪ್ಪೂ ಒಂದೇ ತೂಕದ್ದಲ್ಲ ಎಂಬುದು ಇನ್ನೊಂದು ಸೊಗಸು. ಎರಡರ ಕಾಲದಲ್ಲಿ ಮೂರು ಸ್ವರ ನುಡಿಸುವ ಟ್ರಿಪ್ಲೆಟ್ಟಿನ ಮೇಲಿನ 3 ಅನ್ನು ಬೆರಳಿನ ಸಂಖ್ಯೆ ಎಂದು ಓದಿದರೆ ಒಂದು ಬಾರು ಹಾಳು. ಎರಡು ಸ್ವರವನ್ನು ಒಂದಾಗಿಸುವ ಟೈ ಗೆರೆಯನ್ನು, ಬರಿದೇ ಜೋಡಿಸಿ ನುಡಿಸೆನ್ನುವ ಸ್ಲರ್ ಎಂದು ಓದಿದರೆ ಒಂದು ಸ್ವರ ಎರಡು ಸಲ ಬಾರಿಸುತ್ತದೆ. ಚೆಲ್ಲೋ ಪಾರ್ಟಿನಲ್ಲಿ, ಅಂದರೆ ಆ ವಾದ್ಯದ ಬಿಡಿ ಪ್ರತಿಯಲ್ಲಿ, ಸಾಲಿನ ಕೊನೆಗೆ ಗೆರೆಗಳ ಸ್ವರ ನಿಗದಿಮಾಡುವ ಚಿಹ್ನೆಯಾದ ಬೇಸ್ ಕ್ಲೆಫ್ ಹೋಗಿ ಟೆನರ್ ಕ್ಲೆಫ್ ಬಂದದ್ದನ್ನು ಕಾಣದೆ ಹೋದರೆ ಮಾತ್ರ, ಮುಂದಿನ ಕ್ಲೆಫ್ ಸಿಗುವವರೆಗೆ ಪ್ರತಿಯೊಂದು ಸ್ವರವೂ ಒಂದು ಫಿಫ್ತ್, ಅಂದರೆ ಸ-ಪ ಅಂತರ, ಕೆಳಗೆ. ಅಂಕಿ ಅಂಶದಲ್ಲಿ ಇದು ಒಂದೇ ತಪ್ಪು! ಇದಕ್ಕೆ ಹಳೆಯ ಮದ್ದಿದೆ. ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಬೇರೆ ಬೇರೆಯಾಗಿ ನಮೂದಿಸಬೇಕು, ಆಮೇಲೆ ಎರಡು ಫೈಲುಗಳನ್ನು ಹೋಲಿಸಿ ವ್ಯತ್ಯಾಸ ಬಂದ ಕಡೆ ಮಾತ್ರ ಆಕರ ತೆರೆದು ನೋಡಬೇಕು. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಅಪರೂಪ. ಆದರೆ ಒಂದೇ ಕೆಲಸಕ್ಕೆ ಇಬ್ಬರಿಗೆ ಸಂಬಳವೇ ಎಂದು ಲೆಕ್ಕಪತ್ರದವರು ಹುಬ್ಬೇರಿಸುತ್ತಾರೆ. ಲೋಗೋ ವಿನ್ಯಾಸಕ್ಕೆ ಮೂವರಿದ್ದಾಗ ಆ ಹುಬ್ಬು ಇದ್ದಲ್ಲೇ ಇತ್ತು.

ಇನ್ನು ಕಣ್ಣಿಗೆ ಸರಿ, ಕಿವಿಗೆ ತಪ್ಪು ಎನ್ನುವ ವಿಶೇಷ ಜಾತಿಯೊಂದಿದೆ. ಎಂಇಐಯಲ್ಲಿ ಬರೆದ ಶಾರ್ಪಿಗೆ, ಅಂದರೆ ಸ್ವರವನ್ನು ಅರ್ಧಸ್ವರ ಏರಿಸುವ ಚಿಹ್ನೆಗೆ, 'ಆಕ್ಸಿಡ್', ಬರೆಯದಿದ್ದರೂ ನುಡಿಯುವ ಶಾರ್ಪಿಗೆ 'ಆಕ್ಸಿಡ್.ಜೆಸ್'. ಜಿ ಮೇಜರ್ ಕೃತಿಯಲ್ಲಿ ಶಾರ್ಪು ಸಾಲಿನ ಮೊದಲಿಗೆ ಇರುತ್ತದೆ, ಎಫ್ ಸ್ವರದ ಪಕ್ಕದಲ್ಲಲ್ಲ. ಹಾಗಾಗಿ ಪ್ರತಿ ಎಫ್‌ಗೂ ಎರಡನೆಯದನ್ನು ತುಂಬಬೇಕು. ಮರೆತರೆ ಪುಟ ಮುತ್ತಿನಂತೆ ಕಾಣುತ್ತದೆ, ಆ ಮಾಹಿತಿಯನ್ನೇ ನಂಬಿ ನುಡಿಸುವ ತಂತ್ರಾಂಶ ಮಾತ್ರ ಎಲ್ಲ ಎಫ್‌ಗಳನ್ನೂ ನ್ಯಾಚುರಲ್ ಆಗಿ, ಅಂದರೆ ಏರಿಸದೆ, ಬಾರಿಸುತ್ತದೆ. ಬಿ ಫ್ಲ್ಯಾಟ್ ಕ್ಲಾರಿನೆಟ್ ಬರೆದದ್ದಕ್ಕಿಂತ ಎರಡು ಅರ್ಧಸ್ವರ ಕೆಳಗೆ ನುಡಿಯುವ ವಾದ್ಯ. ಸ್ಟಾಫಿನ ವಿವರದಲ್ಲಿ ಆ ಮೈನಸ್ ಎರಡನ್ನು ನಮೂದಿಸದಿದ್ದರೆ ಉಳಿದ ವಾದ್ಯವೃಂದಕ್ಕಿಂತ ಒಂದು ಇಡೀ ಸ್ವರ ಮೇಲೆ ತನ್ನ ಪಾಡಿಗೆ ತಾನು ಊದುತ್ತಿರುತ್ತದೆ. ಫೈಲು ಎರಡೂ ಕಡೆ ಸಿಂಧು. ಪರಿಶೀಲನಾ ಸಮಿತಿ ಪ್ಲೇ ಗುಂಡಿಯನ್ನು ಒತ್ತುವ ಸಂಪ್ರದಾಯವಿಲ್ಲ.

ಇದನ್ನು ಬರಿಯ ಉದಾಸೀನ ಎಂದು ತಳ್ಳಿಹಾಕುವಂತೆಯೂ ಇಲ್ಲ, ಅಲ್ಲಲ್ಲಿ ನಿಜವಾದ ಇಕ್ಕಟ್ಟಿದೆ. ಬೀಥೋವನ್‌ನ ಓಪಸ್ 106, ಹ್ಯಾಮರ್‌ಕ್ಲಾವಿಯರ್ ಸೊನಾಟಾದ ಮೊದಲ ಭಾಗವನ್ನೇ ನೋಡಿ. ಮೂಲ ವಿಷಯ ಮರಳಿ ಬರುವ ಮುನ್ನ, 224ರಿಂದ 226ನೆಯ ಬಾರುಗಳಲ್ಲಿ ಇರುವುದು ಎ ಶಾರ್ಪೋ ಎ ನ್ಯಾಚುರಲ್ಲೋ? ಅಲ್ಲಿನ ಕೀ ಸಿಗ್ನೇಚರಿನಲ್ಲಿ, ಅಂದರೆ ಸಾಲಿನ ಮೊದಲಿನ ಚಿಹ್ನೆಗಳಲ್ಲಿ, ಎ ಶಾರ್ಪ್ ಇದೆ. ಅದನ್ನು ರದ್ದು ಮಾಡುವ ಚಿಹ್ನೆ 1819ರ ಮೊದಲ ಮುದ್ರಣದಲ್ಲಿಲ್ಲ. ಸ್ವಹಸ್ತಪ್ರತಿ ಕಳೆದುಹೋಗಿದೆ. ಮರೆತನೋ, ಬೇಕೆಂದೇ ಬಿಟ್ಟನೋ ಎಂದು ಪಿಯಾನೊ ವಾದಕರು ಎರಡು ಪಂಗಡವಾಗಿದ್ದಾರೆ. ಅಚ್ಚಿನ ಸಂಪಾದಕ ಇದ್ದದ್ದನ್ನು ಇದ್ದಂತೆ ಅಚ್ಚು ಹಾಕಿ, ಅಡಿಟಿಪ್ಪಣಿಯಲ್ಲಿ ಕೆಮ್ಮಿ ತಪ್ಪಿಸಿಕೊಳ್ಳಬಹುದಿತ್ತು. ದತ್ತಾಂಶ ಕೆಮ್ಮನ್ನು ಒಪ್ಪುವುದಿಲ್ಲ. ಬರಹದಲ್ಲಿ ಭೇದವೇ ಇಲ್ಲ, ಭೇದವಿರುವುದು ನುಡಿಸುವುದರಲ್ಲಿ. ಆದ್ದರಿಂದ ಆಕ್ಸಿಡ್ ಖಾಲಿ ಬಿಟ್ಟು, ಆಕ್ಸಿಡ್.ಜೆಸ್ ಮಾತ್ರ ಬೇರೆಯಾಗಿರುವ ಎರಡು ಓದುಗಳನ್ನು ಇಟ್ಟು, ಪ್ರತಿಯೊಂದಕ್ಕೂ ಯಾರ ಹೊಣೆ ಎಂದು ಬರೆಯಬೇಕು. ಡಿಜಿಟಲ್ ಸಂಪಾದನೆಯಿಂದ ಏನು ಲಾಭ ಎಂದು ಕೇಳುವವರಿಗೆ ತೋರಿಸಬೇಕಾದ ಜಾಗ ಇದು. ತೋರಿಸುವುದು ಮಾತ್ರ ಪುಟ ಮಗುಚುವ ಆನಿಮೇಷನ್ನು, ಅದಕ್ಕೊಂದು ಸರಸರ ಸದ್ದು. ಇಂಥವನ್ನು ಫ್ಲ್ಯಾಶಿನಲ್ಲಿ ಕಟ್ಟಿದವರ ಹಾಳೆಗಳು, 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಬೆಂಬಲ ನಿಲ್ಲಿಸಿದ ಮೇಲೆ ಮಗುಚಿಕೊಂಡವು, ಮತ್ತೆ ಏಳಲಿಲ್ಲ.

ಹಸ್ತಪ್ರತಿಯ ಚಿತ್ರಕ್ಕೂ ದತ್ತಾಂಶಕ್ಕೂ ಗಂಟು ಹಾಕುವ ಕೆಲಸ ಇನ್ನೂ ರಮಣೀಯ. ಪ್ರತಿ ಬಾರಿನ ಸುತ್ತ ಒಂದು ಚೌಕ ಎಳೆದು, ಎಡಮೇಲಿನ ಮತ್ತು ಬಲಕೆಳಗಿನ ಮೂಲೆಗಳ ನಾಲ್ಕು ಅಂಕಿಗಳನ್ನು ಪಿಕ್ಸೆಲ್ಲಿನಲ್ಲಿ ಬರೆದಿಡಬೇಕು. ಪುಟಕ್ಕೆ 15 ಬಾರಿನಂತೆ 200 ಪುಟಕ್ಕೆ 3000 ಚೌಕ, ನಾಲ್ಕು ಆಕರಕ್ಕೆ 12,000. ವಿದ್ಯಾರ್ಥಿಗಳು ಇಲಿಯ ಮೇಲೆ ಕೈಯಿಟ್ಟು ಎಳೆಯುತ್ತಾರೆ. ಕೃತಿ ಶುರುವಾಗುವ ಎತ್ತುಗಡೆಯ ಅರ್ಧ ಬಾರನ್ನು ಒಬ್ಬರು ಸೊನ್ನೆ ಎಂದು ಎಣಿಸಿ, ಇನ್ನೊಬ್ಬರು ಒಂದು ಎಂದು ಎಣಿಸಿರುವುದರಿಂದ 57ನೆಯ ಬಾರು ಒತ್ತಿದರೆ 58ರ ಚಿತ್ರ ತೆರೆದುಕೊಳ್ಳುತ್ತದೆ. ಅದನ್ನು ಸರಿಪಡಿಸುವ ಹೊತ್ತಿಗೆ ಗ್ರಂಥಾಲಯ ಹಸ್ತಪ್ರತಿಯ ಹೊಸ ಫೋಟೊ ತೆಗೆಸಿ, ಹಳೆಯದನ್ನು ಎತ್ತಿ, ಅದೇ ವಿಳಾಸದಲ್ಲಿ ಹೊಸದನ್ನು ಇಟ್ಟಿರುತ್ತದೆ. 5000 ಪಿಕ್ಸೆಲ್ ಅಗಲದ ಚಿತ್ರದ ಜಾಗದಲ್ಲಿ 7000ದ್ದು, ಅಂಚೂ ಬೇರೆ. ಹನ್ನೆರಡು ಸಾವಿರ ಚೌಕಗಳು ಸಾಮೂಹಿಕವಾಗಿ ಎಡಕ್ಕೆ ಸರಿದು, ಪಿಟೀಲಿನ ಮೇಲಿದ್ದವು ಖಾಲಿ ಅಂಚಿನ ಮೇಲೆ ಕೂರುತ್ತವೆ. ಯಾವ ಚಿತ್ರ, ಎಷ್ಟು ಅಗಲ, ಎಷ್ಟು ಎತ್ತರ ಎಂದು ಪ್ರತಿ ಪುಟದ ಜೊತೆ ಬರೆದಿಟ್ಟಿದ್ದರೆ ಬರಿಯ ಅಳತೆ ಬದಲಾದಾಗ ಒಂದು ಗುಣಾಕಾರದಿಂದ ಸರಿಹೋಗುತ್ತಿತ್ತು. ಬರೆದಿಟ್ಟಿರುವುದು ಪ್ರಾಯೋಜಕರ ಹೆಸರುಗಳನ್ನು.

ಸಂಗೀತ ಬರೆಯುವ ತಂತ್ರಾಂಶದ ಮಾತು ಹೇಳಿ ಪ್ರಯೋಜನವಿಲ್ಲ. ಸುಮಾರು 35 ವರ್ಷ ಬಾಳಿದ ಫಿನಾಲೆಯನ್ನು 2024ರ ಆಗಸ್ಟಿನಲ್ಲಿ ಅದರ ಕಂಪನಿಯೇ ನಿಲ್ಲಿಸುತ್ತೇನೆ ಎಂದಿತು. ಅದರ ಸ್ವಂತ ಫೈಲುಗಳಲ್ಲೇ ಎಲ್ಲವನ್ನೂ ಇಟ್ಟುಕೊಂಡವರು ತಂತ್ರಾಂಶಗಳ ನಡುವಿನ ವಿನಿಮಯ ರೂಪವಾದ ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ಸಾಗಿಸಲು ಓಡಿದರು. ಸಾಗಿಸುವ ದಾರಿಯಲ್ಲಿ ಉದುರುವುದು ಸಾಮಾನ್ಯವಾಗಿ ಸಂಪಾದಕರು ಸೇರಿಸಿದ್ದೇ: ಚುಕ್ಕೆಗೆರೆಯ ಸ್ಲರು, ಕಂಸದೊಳಗಿನ ಚಿಹ್ನೆ. ಅಂದರೆ ಸಂಪಾದಕನ ಊಹೆ ಇದ್ದಕ್ಕಿದ್ದಂತೆ ರಚನಕಾರನ ವಾಕ್ಯವಾಗಿ ಬಡ್ತಿ ಪಡೆಯುತ್ತದೆ.

ಮೂರು ವರ್ಷದ ಅನುದಾನ ಮುಗಿಯುವ ಹೊತ್ತಿಗೆ ಪೋರ್ಟಲು ಸಿದ್ಧ. ಡೇಟಾಬೇಸು, ಸರ್ವರು, ಲಾಗಿನ್ನು, ಐದು ಬಣ್ಣದ ನಕ್ಷೆ ಎಲ್ಲ ಉಂಟು. ಎಂಇಐ ಫೈಲು ಇಳಿಸಿಕೊಳ್ಳುವ ಗುಂಡಿ ಮಾತ್ರ ಇಲ್ಲ, ಹಕ್ಕುಸ್ವಾಮ್ಯದ ಪ್ರಶ್ನೆಯಂತೆ. ರಚನಕಾರ ಹೋಗಿ ಇನ್ನೂರು ವರ್ಷವಾಗಿರಬಹುದು, ಆದರೆ ಜರ್ಮನಿಯಂಥ ಕಡೆ ವಿದ್ವತ್ ಆವೃತ್ತಿಗೇ 25 ವರ್ಷಗಳ ರಕ್ಷಣೆ ಇದೆ. ಆವೃತ್ತಿಗೆ ಸಂಖ್ಯೆಯೂ ಇಲ್ಲ. ಸೋಮವಾರ 112ನೆಯ ಬಾರಿನಲ್ಲಿ ಎಫ್ ಶಾರ್ಪ್ ಇತ್ತು ಎಂದು ಪ್ರಬಂಧದಲ್ಲಿ ಉಲ್ಲೇಖಿಸಿದವನು ಗುರುವಾರ ನೋಡಿದರೆ ನ್ಯಾಚುರಲ್, ವಿಳಾಸ ಅದೇ. ಸರಳ ದಾರಿ ಇಲ್ಲದಿಲ್ಲ. ಎಂಇಐ ಫೈಲುಗಳು, ಒಂದು ಓದಿಕೊಳ್ಳಿ ಟಿಪ್ಪಣಿ, ಆವೃತ್ತಿ ಸಂಖ್ಯೆ, ಸ್ಪಷ್ಟ ಪರವಾನಗಿ, ಇಷ್ಟನ್ನು ದೀರ್ಘಕಾಲದ ಭಂಡಾರವೊಂದರಲ್ಲಿ ಇಟ್ಟು ಡಿಓಐ ಎಂಬ ಶಾಶ್ವತ ಗುರುತುಸಂಖ್ಯೆ ಪಡೆಯುವುದು. ನೋಡಲು, ಎಂಇಐಯನ್ನು ಸ್ವರಲಿಪಿಯಾಗಿ ಬಿಡಿಸುವ ವೆರೋವಿಯೊ ತಂತ್ರಾಂಶದಿಂದ ಮೊದಲೇ ಎಸ್‌ವಿಜಿ ಚಿತ್ರ ಮಾಡಿಸಿ ಸಾದಾ ಪುಟಗಳಲ್ಲಿ ಇಡುವುದು. ಇಂಥದ್ದು ಸರ್ವರು ಸತ್ತರೂ ಬದುಕುತ್ತದೆ. ಆದರೆ ಲೋಕಾರ್ಪಣೆಗೆ ಬಂದ ಗಣ್ಯರು ಒತ್ತಲು ಇದರಲ್ಲಿ ಏನೂ ಇಲ್ಲ, ಸ್ವಾಮಿ.

ಲೋಕಾರ್ಪಣೆಯಂದು ಕಛೇರಿ ಇರಲೇಬೇಕು. ವಾದ್ಯವೃಂದ ಬಂದು ಕೂತು ಪಾರ್ಟು ಕೇಳುತ್ತದೆ. ಹೊಸ ಆವೃತ್ತಿಯಿಂದ ಬಿಡಿ ಪಾರ್ಟು ತೆಗೆಯುವ ಕೆಲಸ ಎರಡನೆಯ ಹಂತದ್ದು ಎಂದು ಆಗ ತಿಳಿಯುತ್ತದೆ. ತೆಗೆದಿದ್ದರೂ ಪುಟ ಮಗುಚಲು ವಿರಾಮ ಎಲ್ಲಿದೆ ಎಂದು ಯಾರೂ ನೋಡಿರಲಿಲ್ಲ. ಹಾಗಾಗಿ ಎಲ್ಲರೂ ಚೀಲದಿಂದ ಹತ್ತೊಂಬತ್ತನೆಯ ಶತಮಾನದ ಹಳೆಯ ಮುದ್ರಣದ ಜೆರಾಕ್ಸ್ ತೆಗೆದು, ಮೂರು ವರ್ಷ ಕೂತು ತಿದ್ದಿದ ಅಷ್ಟೂ ತಪ್ಪುಗಳನ್ನು ಸೊಗಸಾಗಿ ನುಡಿಸುತ್ತಾರೆ. ಚಪ್ಪಾಳೆ. ಧ್ವನಿಮುದ್ರಣವನ್ನು ಪೋರ್ಟಲಿಗೆ ಏರಿಸಿ ದತ್ತಾಂಶದ ಜೊತೆ ಬಾರಿಗೆ ಬಾರು ಜೋಡಿಸುವಾಗ ನಲವತ್ತು ಕಡೆ ತಾಳೆಯಾಗುವುದಿಲ್ಲ. ಸಂಪಾದಕ ಮಂಡಳಿ ತುರ್ತು ಸಭೆ ಸೇರಿ, ಧ್ವನಿಮುದ್ರಣಕ್ಕೆ ಒಂದು ಆಕರಸಂಕೇತ ಕೊಟ್ಟು, ನಲವತ್ತನ್ನೂ ಪಾಠಾಂತರಗಳೆಂದು ಆರ್‌ಡಿಜಿ ಟ್ಯಾಗಿನೊಳಗೆ ದಾಖಲಿಸುತ್ತದೆ. ಫೈಲು ಮತ್ತೆ ಪರೀಕ್ಷೆಗೆ ಹೋಗುತ್ತದೆ, ಸಿಂಧು ಎಂದು ಬರುತ್ತದೆ.