ಸತ್ಯಾಂಶ: ಕಾಯಿಲೆಬಿದ್ದ ಹೆಬ್ಬಾತಿಗೆ ಎರಡು ಕಾವಲು ಹಕ್ಕಿಗಳೇ?

ವಾಟ್ಸಾಪ್‌ನಲ್ಲಿ ಸುತ್ತುತ್ತಿರುವ ಸಂದೇಶ ಇದು: "ವಿ ಆಕಾರದಲ್ಲಿ ಹಾರುವ ಹೆಬ್ಬಾತುಗಳು ಒಂಟಿ ಹಕ್ಕಿಗಿಂತ 71% ಹೆಚ್ಚು ದೂರ ಹೋಗುತ್ತವೆ. ಒಂದಕ್ಕೆ ಕಾಯಿಲೆಯಾದರೆ ಇನ್ನೆರಡು ಕೆಳಗಿಳಿದು ಕಾಯುತ್ತವೆ."

ಮೊದಲ ಮಾತು ಅರ್ಧ ನಿಜ. ಹಾರುವ ಹಕ್ಕಿಯ ರೆಕ್ಕೆತುದಿಯಲ್ಲಿ ಗಾಳಿ ಸುರುಳಿಯಾಗಿ, ಹೊರಬದಿಯಲ್ಲಿ ಮೇಲೇಳುತ್ತದೆ. ಹಿಂದಿನ ಹಕ್ಕಿ ನೇರ ಬೆನ್ನಿಗೆ ಬಾರದೆ ಪಕ್ಕಕ್ಕೆ ಸರಿದು, ತನ್ನ ರೆಕ್ಕೆಯನ್ನು ಆ ಗಾಳಿಗೆ ಒಡ್ಡುತ್ತದೆ, ಶ್ರಮ ಉಳಿಯುತ್ತದೆ. ಆದರೆ 71% ಎಂಬುದು 1970ರ ಕಾಗದದ ಲೆಕ್ಕ: 25 ಹಕ್ಕಿಗಳು ಚೂರೂ ಜಾಗ ತಪ್ಪದೆ ಹಾರಬೇಕು. ನಿಜವಾದ ಹಕ್ಕಿ ಗಾಳಿಗೆ ಓಲಾಡುತ್ತದೆ, ಜಾಗ ತಪ್ಪುತ್ತದೆ. ಹೆಜ್ಜಾರ್ಲೆಗಳ ಎದೆಬಡಿತ ಅಳೆದಾಗ ಗುಂಪಿನಲ್ಲಿ ಇಳಿದದ್ದು 11ರಿಂದ 14% ಅಷ್ಟೆ.

ಎರಡನೆಯ ಮಾತಿಗೆ ಆಧಾರವಿಲ್ಲ. ಜೋಡಿ ಹಕ್ಕಿಯೋ ಮರಿಯೋ ಹಿಂದೆ ಉಳಿಯಬಹುದು, ಏಕೆಂದರೆ ಹೆಬ್ಬಾತುಗಳದು ಕುಟುಂಬದ ಬಾಳು. ಮರಿಗಳು ಮೊದಲ ಚಳಿಗಾಲವನ್ನು ಅಪ್ಪ-ಅಮ್ಮನ ಜೊತೆಗೇ ಕಳೆಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಇಂಥ ಕುಟುಂಬ ಹುಡುಕಿ. ದೊಡ್ಡವುಗಳ ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ ಇರುತ್ತವೆ. ಬಂದ ಹೊಸತರಲ್ಲಿ, ಪಟ್ಟೆಯಿಲ್ಲದೆ ನೆತ್ತಿ ಬೂದುಗಂದಾಗಿ ಕಂಡರೆ ಅದು ಆ ವರ್ಷದ ಮರಿ. ದುರ್ಬೀನು ಒಯ್ಯಿರಿ, ದಂಡೆಯಿಂದ ದೂರವೇ ನಿಲ್ಲಿ.