ಹಿಂದಿನ ಸಾಲು

‘ಕತ್ತು ನೋವೇ?’ ಎಂದು ಹೋದ ಹೋದ ಮನೆಯಲ್ಲೆಲ್ಲ ನನ್ನನ್ನು ಕೇಳುತ್ತಾರೆ. ಮನೆಯವರು ‘ಬನ್ನಿ, ಕುಳಿತುಕೊಳ್ಳಿ’ ಎನ್ನುವಷ್ಟರಲ್ಲಿ ನಾನು ಅವರ ಪುಸ್ತಕದ ಕಪಾಟಿನ ಮುಂದೆ ನಿಂತು ಕತ್ತನ್ನು ಬಲಕ್ಕೆ ವಾಲಿಸಿರುತ್ತೇನೆ. ಪುಸ್ತಕದ ಬೆನ್ನಿನ ಮೇಲೆ ಹೆಸರನ್ನು ಕೆಲವರು ಮೇಲಿನಿಂದ ಕೆಳಕ್ಕೂ ಕೆಲವರು ಕೆಳಗಿನಿಂದ ಮೇಲಕ್ಕೂ ಅಚ್ಚು ಹಾಕಿಸುತ್ತಾರೆ. ಹಾಗಾಗಿ ಮರುಗಳಿಗೆಗೆ ಕತ್ತು ಎಡಕ್ಕೆ ವಾಲುತ್ತದೆ. ನೋವಲ್ಲ ಸ್ವಾಮಿ, ನಿಮ್ಮ ಮೇಲೆ ತೀರ್ಪು ಬರೆಯುತ್ತಿದ್ದೇನೆ ಎಂದು ಹೇಳಲಾದೀತೇ?

ನನ್ನದು ಬರೀ ಹೆಸರು ನೋಡಿ ಮೋಸಹೋಗುವ ಕಣ್ಣಲ್ಲ. ಊಟದ ಕೋಣೆಯ ಅಲಂಕಾರಕ್ಕೆಂದು ಪುಸ್ತಕ ಇಟ್ಟುಕೊಳ್ಳುವವರನ್ನು ರೋಮಿನ ತತ್ತ್ವಜ್ಞಾನಿ ಸೆನೆಕಾ ಸುಮಾರು 2000 ವರ್ಷಗಳ ಹಿಂದೆಯೇ ಗದರಿದ್ದಾನೆ. ನಾನು ಅವನ ಪಕ್ಷದವನು. ಬೆನ್ನಿನ ಮೇಲೆ ಒಂದು ಗೆರೆಯೂ ಬಿದ್ದಿಲ್ಲವೇ? ಓದಿಲ್ಲ. ಮುನ್ನುಡಿಯ ಪುಟಗಳು ಮಾತ್ರ ಮಾಸಿವೆಯೇ? ಸಭೆಯಲ್ಲಿ ಮಾತನಾಡುವಷ್ಟು ಓದಿದ್ದಾರೆ. ಗುರುತಿಗಿಟ್ಟ ಬಸ್ ಟಿಕೆಟ್ 17ನೆಯ ಪುಟದಲ್ಲಿದೆಯೇ? ಪ್ರಯಾಣ ಅಲ್ಲಿಗೇ ಮುಗಿದಿದೆ. ಎತ್ತರ ನೋಡಿ ಪುಸ್ತಕ ಜೋಡಿಸುವವರನ್ನಂತೂ ಓದುಗರ ಪಟ್ಟಿಯಿಂದಲೇ ಕಿತ್ತುಹಾಕುತ್ತಿದ್ದೆ. ಆಮೇಲೆ ತಿಳಿಯಿತು: ದಿನಚರಿಯಿಂದ ಹೆಸರಾದ, 1703ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸ್ ತನ್ನ 3000 ಪುಸ್ತಕಗಳನ್ನು ಎತ್ತರದ ಪ್ರಕಾರವೇ ಜೋಡಿಸಿದ್ದನಂತೆ. ಗಿಡ್ಡ ಪುಸ್ತಕಗಳ ಕೆಳಗೆ ಮರದ ತುಂಡು ಕೊಟ್ಟು ತಲೆ ಸಮ ಮಾಡಿದ್ದನಂತೆ. ಅವನೊಬ್ಬನಿಗೆ ವಿನಾಯಿತಿ ಕೊಟ್ಟೆ.

ನನ್ನ ಮನೆಯ ಕಪಾಟಿನ ವಿಷಯ ಈಗ ಬೇಡ.

ಹೋದ ತಿಂಗಳು ಕಚೇರಿಯ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಕಪಾಟೆಂದರೆ ಅದು! ಮೇಲೆ ಮಹಾಕಾವ್ಯಗಳು, ನಡುವೆ ಕಾವ್ಯಮೀಮಾಂಸೆ, ತತ್ತ್ವಶಾಸ್ತ್ರ, ಒಂದೇ ಬಣ್ಣದ ರಟ್ಟು ಹೊದ್ದ ಸಮಗ್ರ ಸಂಪುಟಗಳು. ಕಚೇರಿಯಲ್ಲಿ ಅವರು ರಜೆಯ ಅರ್ಜಿಗಿಂತ ಉದ್ದವಾದುದೇನನ್ನೂ ಓದಿದ್ದನ್ನು ನಾನು ಕಂಡವನಲ್ಲ. ಒಳಗೊಳಗೇ ಕ್ಷಮೆ ಕೇಳಿದೆ. ಅವೆಲ್ಲಕ್ಕಿಂತ ನನ್ನನ್ನು ಗೆದ್ದದ್ದು ಕೆಳಗಿನ ಅಂಕಣದ ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ ದಪ್ಪನೆಯ ಪುಸ್ತಕ. ರಟ್ಟು ಸವೆದಿತ್ತು, ತುದಿಗಳು ಜಜ್ಜಿಹೋಗಿದ್ದವು.

‘ಇದು ನೋಡಿ, ನಿಜವಾಗಿ ಓದಿದ ಪುಸ್ತಕ’ ಎಂದೆ.

‘ಅದು ಬೇಡ, ಅದು...’ ಎನ್ನುತ್ತ ಅವರು ಎದ್ದರು. ವಿನಯ ಎಂದುಕೊಂಡೆ. ಪುಸ್ತಕವನ್ನು ಬೆನ್ನಿನ ತಲೆ ಹಿಡಿದು ಎಳೆಯಬಾರದು, ನಡು ಹಿಡಿದು ತೆಗೆಯಬೇಕು ಎಂದು ಊರಿಗೆಲ್ಲ ಪಾಠ ಹೇಳುವ ನಾನು ತಲೆ ಹಿಡಿದೇ ಎಳೆದೆ. ಬಿಗಿಯಾಗಿತ್ತು. ಎರಡೂ ಕೈ ಹಾಕಿದೆ.

ಪೀಪ್ಸ್ ಪುಸ್ತಕದ ಕೆಳಗೆ ಮರ ಕೊಟ್ಟಿದ್ದ. ಇವರು ಮರದ ಕೆಳಗೆ ಪುಸ್ತಕ ಕೊಟ್ಟಿದ್ದರು.

ಹಲಗೆ ವಾಲಿತು. ಕಾವ್ಯಮೀಮಾಂಸೆ ನನ್ನ ಎಡಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಬೆರಳಿಗೆ ಅದು ನಾಟಿದಷ್ಟು ತಲೆಗೆ ಎಂದೂ ನಾಟಿರಲಿಲ್ಲ. ಸಂಪುಟಗಳು ಉರುಳಿದ ಬೆನ್ನಲ್ಲೇ, ಅವುಗಳ ಹಿಂದೆ ಅಡಗಿದ್ದ ಇನ್ನೊಂದು ಸಾಲು ಸರಸರನೆ ಜಾರಿ ಬಂತು. ಪಿಸ್ತೂಲು ಹಿಡಿದ ಕೈಗಳು, ಕರಿಯ ಕೋಟುಗಳು, ಕಿಟಕಿಯ ಗಾಜಿನ ಮೇಲೆ ರಕ್ತದ ಹನಿ. ಎಲ್ಲವೂ ಪತ್ತೇದಾರಿ ಕಾದಂಬರಿಗಳು. ಒಂದೊಂದರ ಬೆನ್ನೂ ಮುರಿದಿತ್ತು, ಪುಟಪುಟದ ಮೂಲೆಯೂ ಮಡಚಿತ್ತು. ನನ್ನ ಅಳತೆಗೋಲಿನ ಪ್ರಕಾರ ಆ ಮನೆಯಲ್ಲಿ ಓದಿಸಿಕೊಂಡಿದ್ದವು ಇವು ಮಾತ್ರ.

‘ಮಗಳದ್ದು’ ಎಂದರು ಅವರು, ನೆಲ ನೋಡುತ್ತ.

‘ನನ್ನದಲ್ಲ ಅಪ್ಪಾ’ ಎಂದು ಪಕ್ಕದ ಕೋಣೆಯಿಂದ ದನಿ ಬಂತು.

ಇಬ್ಬರೂ ನೆಲದ ಮೇಲೆ ಕುಳಿತು ಪುಸ್ತಕಗಳನ್ನು ಪೇರಿಸತೊಡಗಿದೆವು. ಒಂದು ಪುಸ್ತಕ ಕೈಗೆ ಬಂದಾಗ ಅವರು ಸುಮ್ಮನಾದರು. ಹಿಂದಿನ ರಟ್ಟನ್ನು ಸವರಿದರು. ಆಮೇಲೆ ಮೆಲ್ಲಗೆ, ‘ಇದರ ಕೊನೆಯ ಎಂಟು ಪುಟಗಳು ಹರಿದುಹೋಗಿವೆ. ಮೂರು ವರ್ಷವಾಯಿತು, ಕೊಂದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ನಿಮ್ಮಂಥವರು ಇಂಥದ್ದನ್ನೆಲ್ಲ ಓದಿರುವುದಿಲ್ಲ, ಬಿಡಿ’ ಎಂದರು.

ರಟ್ಟು ನೋಡಿದೆ. ನನ್ನ ಮನೆಯಲ್ಲಿ, ಮಹಾಕಾವ್ಯಗಳ ಹಿಂದೆ, ಎಡದಿಂದ ನಾಲ್ಕನೆಯದು. ಎರಡು ಸಲ ಓದಿದ್ದೇನೆ.

‘ಇಲ್ಲ, ಓದಿಲ್ಲ’ ಎಂದೆ.

ಕುಂಟುತ್ತ ಬಾಗಿಲವರೆಗೆ ಬಂದೆ. ಅವರೂ ಬಂದರು, ಕೈಯಲ್ಲಿ ಇನ್ನೂ ಅದೇ ಪುಸ್ತಕ. ಮೂರು ವರ್ಷ! ಕೇಳಿದ ಮೇಲೆ ಹೇಗೆ ಹೋಗುವುದು? ಮಗಳು ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ಅವರ ಕಿವಿಯ ಬಳಿ ಬಾಗಿದೆ.

‘ಡಾಕ್ಟರ ತಮ್ಮ.’

ಅವರು ಬೆಚ್ಚಿದರು. ‘ಅವನು ಎರಡನೆಯ ಅಧ್ಯಾಯದಲ್ಲೇ ಸತ್ತನಲ್ಲ!’

‘ಸತ್ತಿರಲಿಲ್ಲ’ ಎಂದೆ.