ಉತ್ತರ ನಿಮ್ಮೊಳಗೇ ಇದೆಯಂತೆ

ನಮ್ಮ ಮ್ಯಾನೇಜರ್ ಏಪ್ರಿಲ್‌ನಲ್ಲಿ ದೇವನಹಳ್ಳಿ ಕಡೆಯ ರೆಸಾರ್ಟಿನಲ್ಲಿ ಎರಡು ದಿನ ಇದ್ದು, ಪ್ರಶ್ನೆ ಕೇಳಿ ಕೇಳಿಯೇ ಎದುರಿನವರಿಂದ ದಾರಿ ಹುಡುಕಿಸುವ 'ಕೋಚಿಂಗ್' ಕಲಿತು ಬಂದರು. ಹೋದದ್ದು ಮ್ಯಾನೇಜರ್, ಬಂದದ್ದು ಕೋಚ್. ಅಂದಿನಿಂದ ಅವರು ಯಾವುದಕ್ಕೂ ಉತ್ತರ ಹೇಳಿಲ್ಲ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಸರ್ವರ್ ಮಲಗಿತು. ಪಾಸ್‌ವರ್ಡ್ ಇರುವುದು ಅವರೊಬ್ಬರ ಹತ್ತಿರ. ಫೋನ್ ಹಚ್ಚಿದೆ.

"ಸರ್, ಪಾಸ್‌ವರ್ಡ್ ಬೇಕಿತ್ತು."

"ಪಾಸ್‌ವರ್ಡ್ ಸಿಕ್ಕರೆ ಏನು ಸಾಧಿಸಬೇಕು ಅಂತಿದ್ದೀರಿ?"

"ಸರ್ವರ್ ಎಬ್ಬಿಸಬೇಕು ಸರ್."

"ಗುಡ್. ಈಗ ಎಲ್ಲಿದ್ದೀರಿ?"

"ಬಾತ್‌ರೂಮ್ ಬಾಗಿಲಲ್ಲಿ ಸರ್, ನೆಟ್‌ವರ್ಕ್ ಸಿಗೋದು ಇಲ್ಲೇ."

"ಪಾಸ್‌ವರ್ಡ್ ಬಿಟ್ಟು ಬೇರೆ ದಾರಿ ಏನೇನಿದೆ?"

ಇದ್ದದ್ದು ಒಂದೇ, ರಾಜೀನಾಮೆ. ಮನೆ ಸಾಲ ನೆನಪಾಗಿ ಸುಮ್ಮನಾದೆ.

ಈ ಪ್ರಶ್ನಾವಳಿಯ ಹೆಸರು 'ಗ್ರೋ'. ಗುರಿ, ವಾಸ್ತವ, ಆಯ್ಕೆ, ಸಂಕಲ್ಪ ಎಂದು ನಾಲ್ಕು ಮೆಟ್ಟಿಲು, ಅವುಗಳ ಇಂಗ್ಲಿಷ್ ಮೊದಲಕ್ಷರ ಕೂಡಿದರೆ 'ಗ್ರೋ'. ಇದನ್ನು ಮನೆಮಾತು ಮಾಡಿದ ಸರ್ ಜಾನ್ ವಿಟ್‌ಮೋರ್ ಮೊದಲು ರೇಸ್ ಕಾರ್ ಓಡಿಸುತ್ತಿದ್ದವರು, 1965ರಲ್ಲಿ ಯುರೋಪಿನ ಟೂರಿಂಗ್ ಕಾರ್ ಚಾಂಪಿಯನ್. ಅವರ ವಿದ್ಯೆ ಈಗ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಕ್ಯಾಬಿನೊಳಗಿಂದ ನಮ್ಮ ಮೇಲೆ ಪ್ರಯೋಗವಾಗುತ್ತಿದೆ. ಕೋಚ್ ಎಂಬ ಪದವೂ ಗಾಡಿಯದ್ದೇ, ಹಂಗೇರಿಯ ಕೋಚ್ ಎಂಬ ಹಳ್ಳಿಯ ಬಂಡಿಯಿಂದ ಬಂದದ್ದು. ಆ ಬಂಡಿ ಹತ್ತಿದವರನ್ನು ಊರು ಮುಟ್ಟಿಸುತ್ತಿತ್ತು. ನಮ್ಮ ಬಂಡಿ ಹತ್ತಿದವರನ್ನೇ ಕೇಳುತ್ತದೆ: "ನಿಮಗೆ ನಿಜಕ್ಕೂ ಊರಿಗೆ ಹೋಗಬೇಕು ಅನ್ನಿಸ್ತಿದೆಯಾ?"

ಹಾಗಂತ ಈ ಪದ್ಧತಿಯೇ ಪೊಳ್ಳು ಅನ್ನಲಾರೆ. 2000ದಲ್ಲಿ ಆರು ಬಗೆಯ ನಾಯಕತ್ವ ವಿವರಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಗೋಲ್‌ಮನ್, ಎಲ್ಲಕ್ಕಿಂತ ಕಡಿಮೆ ಬಳಕೆಯಾಗುವುದು ಕೋಚಿಂಗೇ, ಯಾರನ್ನು ಕೇಳಿದರೂ ಪುರುಸೊತ್ತಿಲ್ಲ ಅನ್ನುತ್ತಾರೆ ಎಂದು ಬರೆದಿದ್ದರು. ಕಲಿಸುವವರಿಗೇ ವಿಷಯ ಗೊತ್ತಿಲ್ಲದಿದ್ದರೆ ಇದು ಮುಗ್ಗರಿಸುತ್ತದೆ ಎಂದೂ ಹೇಳಿದ್ದರು. ನಮ್ಮ ಕಂಪನಿ ಎರಡಕ್ಕೂ ಮದ್ದು ಅರೆದಿದೆ. ಪುರುಸೊತ್ತು ತಿಂಗಳಿಗೆ 20 ನಿಮಿಷ, ಅದರಲ್ಲಿ ಹತ್ತು "ನನ್ನ ಧ್ವನಿ ಕೇಳಿಸ್ತಿದೆಯಾ?" ಎನ್ನುವುದಕ್ಕೆ. ಇನ್ನು ವಿಷಯ. ಗೊತ್ತಿಲ್ಲದವರು ಹಿಂದೆ ಬೆವರುತ್ತಿದ್ದರು. ಈಗ ಗಲ್ಲಕ್ಕೆ ಕೈಯಿಟ್ಟು "ನಿಮಗೇನನ್ನಿಸುತ್ತೆ?" ಅಂದರೆ ಮುಗಿಯಿತು.

ಹೊಸದಾಗಿ ಸೇರಿದ ಹಾಸನದ ಹುಡುಗಿ "ಉತ್ತರ ನಿಮ್ಮೊಳಗೇ ಇದೆ" ಎಂಬ ಮಾತು ನಂಬಿ ಮೂರು ವಾರ ತನ್ನೊಳಗೆ ಹುಡುಕಿದಳು. ಉತ್ತರ ಪಕ್ಕದ ಸೀಟಿನ ಸೀನಿಯರ್ ಒಳಗಿತ್ತು. ಅವರು ಸಮೋಸ ತಿನ್ನುತ್ತಲೇ ಅರ್ಧ ಗಂಟೆಯಲ್ಲಿ ಕೆಲಸ ಕಲಿಸಿಬಿಟ್ಟರು. ಮುಂದಿನ ವಾರದ ಸ್ಲೈಡಿನಲ್ಲಿ ಅದು 'ಕೋಚಿಂಗ್ ಯಶೋಗಾಥೆ' ಎಂದು ಬಂತು. ಫೋಟೋ ಮ್ಯಾನೇಜರದ್ದು.

ಕೊನೆಗೆ ಅಪ್ರೈಸಲ್ ದಿನ ಬಂತು. ವರ್ಷವಿಡೀ ಪ್ರಶ್ನೆಯಲ್ಲೇ ಉಸಿರಾಡಿದವರು ಅಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ರೇಟಿಂಗ್ ಮೂರು. ಹೈಕ್ ಇಲ್ಲ."

"ಸರ್, ಬೇರೆ ದಾರಿ ಏನೇನಿದೆ?" ಎಂದೆ.

"ಯಾವುದೂ ಇಲ್ಲ" ಎಂದರು.